ಕೊರಗಪ್ಪನ ಕೈಗೆ ತಗುಲಿದ ಬಿಸಿ

ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಹಿಟ್ಟು ರುಬ್ಬಲೆಂದು ಮುಂಬಯಿಗೆ ಬಂದವನು ಕೊರಗಪ್ಪ. ರುಬ್ಬುಕಲ್ಲು ಮೂಲೆ ಸೇರಿ ಕರೆಂಟಿನ ಗ್ರೈಂಡರ್ ಬಂದಾಗ ಉಳಿದವರು ಕೆಲಸ ಹೋಯಿತೆಂದು ಹಲುಬಿದರು. ಇವನು ಮಾತ್ರ ಅದು ತಿರುಗುವುದು ಹೇಗೆಂದು ನೋಡಲು ಅದರ ಹೊಟ್ಟೆ ಬಿಚ್ಚಿ ಧಣಿಗಳಿಂದ ಬೈಸಿಕೊಂಡ. ಆ ಹುಚ್ಚೇ ಅವನನ್ನು ಒಬ್ಬ ಮುದಿ ವೈರ್‌ಮನ್ನನ ಶಿಷ್ಯನಾಗಿಸಿತು. ಸಾವಿರದ ಒಂಬೈನೂರ ಎಪ್ಪತ್ತೊಂದರ ಹೊತ್ತಿಗೆ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಕಾರುಗಳ ವೈರಿಂಗ್ ನೋಡುವ ಸಣ್ಣ ಅಂಗಡಿ ಅವನದಾಗಿತ್ತು.

ಅವನನ್ನು ತುಂಬ ಕಾಡಿದ್ದು ಅಂಧೇರಿಯ ಹೆರಿಗೆ ಆಸ್ಪತ್ರೆಯೊಂದರ ಹಳೇ ಕಾರು. ಬಸುರಿಯರನ್ನು ಕರೆತರಲು ಯಾರೋ ದಾನ ಕೊಟ್ಟದ್ದು. ಒಮ್ಮೊಮ್ಮೆ ಚಾಲೂ ಮಾಡಲು ಸೆಲ್ಫ್ ಎಳೆದರೆ ಎಂಜಿನ್ ನರಳಿ ಸುಮ್ಮನಾಗುತ್ತಿತ್ತು. ಬ್ಯಾಟರಿ ಹೊಸತು. ಕೊರಗಪ್ಪ ಸೆಲ್ಫ್ ಮೋಟಾರನ್ನೂ ಬಿಚ್ಚಿ ದುರಸ್ತಿ ಮಾಡಿದ್ದ. ಆದರೂ ಡ್ರೈವರ್ ಸಾಯಬಣ್ಣ ಜೋಲು ಮುಖ ಹಾಕಿಕೊಂಡು ಮತ್ತೆ ಬಂದ. ವಿಜಾಪುರದ ಕಡೆಯವನು.

"ನಿಮ್ಮ ಮುಂದ ಶಾಣ್ಯಾ ಆಗ್ತದ್ರಿ ಇದು. ಅಂಧೇರಿಗೆ ಹೋದ ಕೂಡ್ಲೆ ಮತ್ತ ಅದ ಚಾಳಿ."

ಬೇರೆ ಯಾರಾದರೂ ಆಗಿದ್ದರೆ ಕಾರಿಗೆ ವಯಸ್ಸಾಯಿತು ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಕೊರಗಪ್ಪನಿಗೆ ಅದು ಆಗದು. "ಹಾಗಾದ್ರೆ ನಾನೇ ಅಂಧೇರಿಗೆ ಬರ್ತೇನೆ ಮಾರಾಯ. ಅದು ಹಠ ಮಾಡುವಾಗ ನಾನು ಹತ್ತಿರ ಇರಬೇಕು" ಎಂದ.

ಮರುದಿನ ಅಂಗಡಿ ಮುಚ್ಚಿ, ಸಾಮಾನಿನ ಚೀಲ ಹೆಗಲಿಗೇರಿಸಿ ಲೋಕಲ್ ರೈಲು ಹತ್ತಿದ. ಬೆಳಗೆಲ್ಲ ಸಾಯಬಣ್ಣನ ಪಕ್ಕ ಕೂತು ತಿರುಗಿದ. ಕಾರು ಚಕಾರ ಎತ್ತಲಿಲ್ಲ. ಮಧ್ಯಾಹ್ನ ಜೋಗೇಶ್ವರಿಯಿಂದ ಹಾಲವ್ವ ಎಂಬ ಕೂಲಿಯವಳನ್ನು ಕರೆತರುವಾಗ ಅವಳಿಗೆ ನೋವು ಜೋರಾಗಿತ್ತು. ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು ನರ್ಸ್ ನೀಲಾವತಿ. ರೈಲ್ವೆ ಫಾಟಕ್ ಬಿದ್ದಿತ್ತು. ಅದು ಏಳುವಷ್ಟರಲ್ಲಿ ಎಂಜಿನ್ ನಿಂತೇ ಹೋಯಿತು. ಸಾಯಬಣ್ಣ ಸೆಲ್ಫ್ ಎಳೆದ. ನರಳಿತು, ಅಷ್ಟೆ.

"ಸಾಯಬಣ್ಣಾ, ಬೇಗ!" ನೀಲಾವತಿ ಕೂಗಿದಳು. "ಮತ್ತೆ ಆ ಸುಟ್ಟ ವಾಸನೆ ಬೇರೆ!"

ಅದು ಕೊರಗಪ್ಪನ ಮೂಗಿಗೂ ಬಡಿದಿತ್ತು. ಬಾನೆಟ್ ಎತ್ತುತ್ತ ಕೇಳಿದ: "ಈ ಗಾಡಿಯಲ್ಲಿ ಬೇರೆ ಏನಾದ್ರೂ ಪದೇ ಪದೇ ಕೆಡುವುದುಂಟಾ?"

"ಎಕ್ಸಲರೇಟರ್ ವೈರ್ ಕಡೀತದ್ರಿ. ಅದು ಗ್ಯಾರೇಜಿನವರ ಕೆಲಸ ಅಂತ ನಿಮಗ ಹೇಳಿರಲಿಲ್ಲ."

ಕೊರಗಪ್ಪ ಆ ವೈರನ್ನು ಮುಟ್ಟಿ ಕೈ ಹಿಂದಕ್ಕೆಳೆದ. ಒಲೆಯ ಮೇಲಿನ ತವಾ ಮುಟ್ಟಿದ ಹಾಗಿತ್ತು! ಪೆಡಲಿನಿಂದ ಎಂಜಿನ್ನಿಗೆ ಹೋಗುವ ತಂತಿ ಅದು. ಅದಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ. ಕಾಯುತ್ತದೆ ಎಂದರೆ ಕರೆಂಟು ದಾರಿ ತಪ್ಪಿ ಅದರೊಳಗೆ ಹರಿಯುತ್ತಿದೆ ಎಂದೇ ಅರ್ಥ. ಎಂಜಿನ್ನಿಗೆ ಹೋದ ಕರೆಂಟು ಬ್ಯಾಟರಿಗೆ ಮರಳಲು ಬೇರೆಯೇ ಒಂದು ದಪ್ಪ ಪಟ್ಟಿ ಇರುತ್ತದೆ. ಆ ಹೆದ್ದಾರಿ ಕಟ್ಟಾದ್ದರಿಂದ ಅಷ್ಟೂ ಕರೆಂಟು ಈ ಕಾಲುದಾರಿ ಹಿಡಿದಿತ್ತು.

ಚೀಲದಿಂದ ದಪ್ಪ ಕೇಬಲ್ ತೆಗೆದು ಒಂದು ತುದಿಯನ್ನು ಬ್ಯಾಟರಿಗೆ ಬಿಗಿದ. ಇನ್ನೊಂದನ್ನು ಎಂಜಿನ್ನಿನ ಬೋಲ್ಟಿಗೆ ಒತ್ತಿ ಹಿಡಿದು, "ಈಗ ಎಳಿ!" ಎಂದ. ಎಂಜಿನ್ ಒಂದೇ ಉಸಿರಿಗೆ ಗರ್ಜಿಸಿತು. ಹಿಂದೆ ಹಾರ್ನ್ ಹೊಡೆಯುತ್ತಿದ್ದ ಲಾರಿಯವರೂ "ಶಾಬಾಸ್" ಎಂದು ಕೂಗಿದರು.

ಆಸ್ಪತ್ರೆ ಮುಟ್ಟಿ ತುಸು ಹೊತ್ತಿನಲ್ಲೇ ಹಾಲವ್ವ ಹೆಣ್ಣುಮಗು ಹೆತ್ತಳು. ಹೊರಗೆ ಕೊರಗಪ್ಪ ಕಾರಿನಡಿ ಮಲಗಿ ಆ ಪಟ್ಟಿಯನ್ನು ಬಿಚ್ಚಿದ್ದ. ಮೇಲೆ ಗಟ್ಟಿಯಾಗಿದ್ದರೂ ಬೋಲ್ಟಿನಡಿ ತುಕ್ಕು ಹಿಡಿದು, ನಾಲ್ಕೆಳೆ ಮಾತ್ರ ಉಳಿದಿತ್ತು. ಆ ಎಳೆಗಳು ತಾಗಿದಾಗ ಗಾಡಿ ಶಾಣ್ಯಾ, ತಾಗದಾಗ ಹಠಮಾರಿ. ಅವನು ಹೊಸ ಪಟ್ಟಿ ಬಿಗಿದ ಮೇಲೆ ಸಾಯಬಣ್ಣ ಹತ್ತಾರು ಸಲ ಸೆಲ್ಫ್ ಎಳೆದು, ಪ್ರತಿ ಸಲವೂ ಮಗುವಿನ ಹಾಗೆ ನಕ್ಕ.

ಆ ಕಾರು ಮುಂದೆ ಹಲವು ಮಳೆಗಾಲ ಬಸುರಿಯರನ್ನು ಹೊತ್ತು ತಂದಿತು. ಯಾರಾದರೂ ಹೊಗಳಿದರೆ ಕೊರಗಪ್ಪ, "ಸಾಯಬಣ್ಣ ಆ ವೈರಿನ ಸುದ್ದಿ ಹೇಳದಿದ್ರೆ ನಾನಿನ್ನೂ ಮೋಟಾರನ್ನೇ ತೊಳೀತಿದ್ದೆ" ಎನ್ನುತ್ತಿದ್ದ. ಬಾಣಂತನ ಮುಗಿದ ಮೇಲೆ ಹಾಲವ್ವ ಗಂಡನೊಂದಿಗೆ ಗ್ರಾಂಟ್ ರೋಡಿನವರೆಗೂ ಬಂದು ಒಂದು ಗಂಟು ಕಡಕ್ ರೊಟ್ಟಿ ಕೊಟ್ಟುಹೋದಳು. ಕೊರಗಪ್ಪ ಅದನ್ನು ಹೋಟೆಲಿನ ತೆಂಗಿನಕಾಯಿ ಚಟ್ನಿಯಲ್ಲಿ ಅದ್ದಿ, ಗಲ್ಲಿಯವರಿಗೆಲ್ಲ ಹಂಚಿ ತಿಂದ.