ಗಂಗತ್ತೆಯ ಆಮೆ, ಕೆಂಪಣ್ಣನ ಡ್ರಮ್ಮು

ಸಿಂಧು, ಮನು,

ನಿಮ್ಮ ಮುತ್ತಾತನ ತಂಗಿ ಗಂಗತ್ತೆ ಸುಳ್ಳು ಹೇಳುವಾಗ ಕಣ್ಣು ಮಿಟುಕಿಸುತ್ತಿರಲಿಲ್ಲ. ಎದುರಿಗಿದ್ದವರ ಮುಖವನ್ನೇ ನೋಡುತ್ತ, ವೀಳ್ಯದೆಲೆಗೆ ಸುಣ್ಣ ಸವರುತ್ತ, ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಂತೆ ಒಂದು ಸುಳ್ಳನ್ನು ತೆಗೆದು ಕೊಡುತ್ತಿದ್ದರು. ಕೇಳಿದವರು ಅದನ್ನು ಪ್ರಸಾದದ ಹಾಗೆ ತೆಗೆದುಕೊಂಡು ಹೋಗುತ್ತಿದ್ದರು. ನನಗೋ ನಿಜ ಹೇಳುವುದಕ್ಕೂ ನಾಲಿಗೆ ಏಳುತ್ತಿರಲಿಲ್ಲ. ನಂದಗುಡಿ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅವರು, "ಈ ಹುಡ್ಗಿಗೆ ದೇವ್ರು ಬಾಯಿ ಕೊಟ್ಟವ್ನೆ, ಬೀಗದ ಕೈ ಕೊಡಾದ ಮರ್ತವ್ನೆ" ಅಂದಿದ್ದರು.

ಅತ್ತೆಗೆ ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ತವರಿಗೆ ಬರುವಾಗ ಒಂದು ಟ್ರಂಕು, ಮೂರು ಆಮೆ ತಂದಿದ್ದರಂತೆ. ನೀರಿನ ಆಮೆಗಳಲ್ಲ, ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನೆಲದ ಆಮೆಗಳು. ಅವರ ಗಂಡ ಹೊಲದ ಬದುವಿನಿಂದ ಎತ್ತಿ ತಂದು ಸಾಕಿದ್ದವು. ಈಗ ಹಾಗೆ ಸಾಕಬಾರದು, ಕಾನೂನಿದೆ ಅನ್ನುತ್ತಾರೆ. ಆಗ ನಮಗೆ ಯಾರೂ ಹೇಳಿರಲಿಲ್ಲ. ಹಿತ್ತಲಲ್ಲಿ ಓಡಾಡಿಕೊಂಡಿದ್ದ ಅವನ್ನು "ಏನ್ರಪ್ಪಾ, ಉಂಡ್ರಾ?" ಎಂದು ಮಾತಾಡಿಸಿದ ಮೇಲೇ ಅತ್ತೆ ತಟ್ಟೆಯ ಮುಂದೆ ಕೂರುತ್ತಿದ್ದದ್ದು. ನಿಮ್ಮ ತಾತ ಹೊಲದಿಂದ ಹಸಿದು ಬಂದಾಗ ಅಷ್ಟು ಅಕ್ಕರೆಯಿಂದ ವಿಚಾರಿಸಿದ್ದನ್ನು ನಾನು ನೋಡಲಿಲ್ಲ.

ಬೇಲಿಯ ಆಚೆ ಕೆಂಪಣ್ಣನ ಬದನೆ ತೋಟ. ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಅವನು ಔಷಧಿ ಹೊಡೆದನೆಂದರೆ ನಮ್ಮ ಅಡುಗೆಮನೆಯವರೆಗೂ ವಾಸನೆ. ಒಂದು ಸಲ ಹಾಗೆ ಹೊಡೆದ ಮಾರನೆಯ ದಿನ, ಬೇಲಿ ಬುಡದ ಗೋಣಿಸೊಪ್ಪು ಮೇಯ್ದ ಆಮೆಯೊಂದು ಬಾಯಲ್ಲಿ ನೊರೆ ಬಿಟ್ಟುಕೊಂಡು ಸತ್ತುಹೋಯಿತು. ಅತ್ತೆ ಅವತ್ತು ಎಲೆ ಅಡಿಕೆ ಮುಟ್ಟಲಿಲ್ಲ. ಉಳಿದೆರಡನ್ನು ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿಟ್ಟರೆ ಅವು ಮೇವು ಬಿಟ್ಟು ತಲೆ ಒಳಗೆಳೆದುಕೊಂಡವು. ಕೆಂಪಣ್ಣನನ್ನು ಕೇಳಿಕೊಂಡರೆ ಅವನು ನಕ್ಕ. ಅತ್ತೆ ಊರಿಗೆಲ್ಲ ಅತ್ತೆಯೇ, ಅವನಿಗೂ. "ಅಲ್ಲತ್ತೆ, ಆಮೆಗೋಸ್ಕರ ಔಷಧಿ ಬಿಟ್ಟೆ ಅಂದ್ರೆ ಊರೋರು ನನ್ನ ಡ್ರಮ್ಮಲ್ಲಾಕಿ ಮುಚ್ಚಳ ಮುಚ್ತಾರೆ."

ಅದು ನಮ್ಮ ಕಡೆ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದ ಕಾಲ. ಹುಳು ಇರುವ ಮನೆಯೆಂದರೆ ಬಾಣಂತಿ ಇರುವ ಮನೆಯ ಹಾಗೆ. ಹೊರಗಿನವರು ಒಳಗೆ ಬರುವಂತಿಲ್ಲ, ಔಷಧಿಯ ಗಾಳಿಯೂ ಹತ್ತಿರ ಸುಳಿಯುವಂತಿಲ್ಲ. ಒಬ್ಬನ ಔಷಧಿಗೆ ಇನ್ನೊಬ್ಬನ ಹುಳು ಸತ್ತರೆ ಪಂಚಾಯಿತಿ ಸೇರುತ್ತಿತ್ತು. ಆಮೆಗಿಲ್ಲದ ಮರ್ಯಾದೆ ಹುಳುವಿಗಿತ್ತು.

ಯುಗಾದಿ ಕಳೆದ ಮೇಲೆ ಅತ್ತೆ ಯಾರ ಮನೆಯಿಂದಲೋ ಎರಡು ಹಳೆಯ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ತಂದು ಬೇಲಿಯಾಚೆಗೆ ಕಾಣುವಂತೆ ಒರಗಿಸಿದರು. ಹಿತ್ತಲ ಕೋಣೆಯ ಬಾಗಿಲು ಹಾಕಿ ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿದರು. "ಹುಳ ಇಟ್ಟಿದ್ದೀನಿ ಕಣ್ಲಾ ಕೆಂಪ" ಅಂದರು, ಅಷ್ಟೇ. ಅವನು ಬೇಲಿಯ ಪಕ್ಕದ ಮೂರು ಸಾಲಿಗೆ ಔಷಧಿ ನಿಲ್ಲಿಸಿದ. ಉಳಿದ ಕಡೆ ಹೊಡೆಯುವ ಮುಂಚೆಯೂ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಿದ್ದ. ಕೋಣೆಯೊಳಗೆ ಒಂದೇ ಒಂದು ಹುಳುವಿರಲಿಲ್ಲ.

ಬಾಗಿಲು ಕಾಯುವ ಕೆಲಸ ನನಗೆ ಬಿತ್ತು. ಯಾರಾದರೂ ಕೇಳಿದರೆ "ಹುಳ ಜ್ವರದಲ್ಲವೆ" ಅನ್ನಬೇಕಿತ್ತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾನು ಮಾತೇ ಹೊರಡದೆ ಸೆರಗು ಬಾಯಿಗಿಟ್ಟು ನಿಲ್ಲುತ್ತಿದ್ದೆ. ಬಂದವರು ಒಳಗೆ ಏನೋ ಆಗಬಾರದ್ದು ಆಗುತ್ತಿದೆ ಎಂದುಕೊಂಡು ಸಪ್ಪಳವಿಲ್ಲದೆ ಹಿಂದಕ್ಕೆ ಹೋಗುತ್ತಿದ್ದರು. "ನಿನ್ನಷ್ಟು ಚೆಂದಾಗಿ ಸುಳ್ಳು ಹೇಳಾಕೆ ನಂಗೂ ಬರಾಕಿಲ್ಲ ಕಣೆ" ಎಂದು ಅತ್ತೆ ಬೆನ್ನು ತಟ್ಟಿದರು.

ಕೆಂಪಣ್ಣ ಒಳ್ಳೆಯವನು. ಭಾವಮೈದನ ತೋಟದಲ್ಲಿ ಮಿಕ್ಕ ಹಿಪ್ಪುನೇರಳೆ ಸೊಪ್ಪನ್ನು ನಮ್ಮ ಹುಳುವಿಗೆಂದು ಹೊತ್ತು ತರತೊಡಗಿದ. ಅದನ್ನು ತಿಂದು ಆಮೆಗಳು ಮೈ ತುಂಬಿಕೊಂಡವು. ಒಂದು ದಿನ ಸೊಪ್ಪಿನ ಹೊರೆ ಇಳಿಸಿ ಅವನು ಕೇಳಿಯೇಬಿಟ್ಟ.

"ಅತ್ತೆ, ತಿಂಗ್ಳೊಪ್ಪತ್ತಿನ ಬೆಳೆ ಇದು. ಯುಗಾದಿಗೆ ಮಲ್ಗಿದ ಹುಳ ಗಣೇಶನ ಹಬ್ಬ ಬಂದ್ರೂ ಎದ್ದಿಲ್ವಲ್ಲ. ಗೂಡು ಕಟ್ಟೋದು ಯಾವಾಗ?"

ಅತ್ತೆ ಅವಸರ ಮಾಡಲಿಲ್ಲ. ಸೊಪ್ಪಿಗೆ ಬಾಯಿ ಹಾಕುತ್ತಿದ್ದ ಆಮೆಯನ್ನು ಎತ್ತಿ ಅವನ ಮುಂದೆ ಹಿಡಿದರು.

"ಕಟ್ಕೊಂಡೇ ಹುಟ್ಟವೆ ಕಣಪ್ಪ. ಎಷ್ಟು ಗಟ್ಟಿಯಾಗೈತೆ, ಮುಟ್ಟಿ ನೋಡು."

ಕೆಂಪಣ್ಣನ ಮುಖ ಅವನ ಬದನೆಕಾಯಿಯ ಬಣ್ಣಕ್ಕೇ ತಿರುಗಿತು. "ಮೂರು ಸಾಲು ಬದ್ನೆ ಹುಳ ಬಿದ್ದು ಹಾಳಾಯ್ತಲ್ಲತ್ತೆ. ನಾಳೆ ಬೆಳಿಗ್ಗೆ ಬೇಲಿಗಂಟ ಹೊಡೀತೀನಿ, ನೋಡ್ತಿರಿ" ಎಂದ.

ಅತ್ತೆ ಆಮೆಯನ್ನು ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದರು. "ಹುಳ ಬಿದ್ದ ಕಾಯೆಲ್ಲ ನಮ್ಮನೆಗೆ ಹಾಕು. ಬದ್ಲಿಗೆ ದಿನಾ ಹಾಲು ಕೊಡ್ತೀನಿ. ಆ ಮೂರು ಸಾಲು ಇವತ್ತಿಂದ ನಂದು."

ಅವನು ಸೊಪ್ಪಿನ ಹೊರೆಯ ಹಗ್ಗ ಸುತ್ತಿಕೊಳ್ಳುತ್ತ, "ಮಜ್ಜಿಗೇನೂ ಸೇರ್ಸಿ" ಅಂದ.

ಹೀಗೆ ಆಮೆಗಳು ಉಳಿದವು. ನಾನು ವರ್ಷಗಟ್ಟಲೆ ಹುಳುಕು ಬದನೆಕಾಯಿ ಹೆಚ್ಚಿದೆ, ಅರ್ಧ ಸಾರಿಗೆ, ಅರ್ಧ ತಿಪ್ಪೆಗೆ. ನಿಮ್ಮಪ್ಪ ಇವತ್ತಿಗೂ ಬದನೆಕಾಯಿ ಕಂಡರೆ ತಟ್ಟೆ ತಳ್ಳುವುದು ಯಾಕೆಂದು ಈಗ ತಿಳಿಯಿತಲ್ಲ.

ಕಾಲು ಬಾತು ಮಲಗಿದ ಮೇಲೆ ಅತ್ತೆಯನ್ನು ನೋಡಲು ಬಂದ ನೆಂಟರು ಅವರನ್ನು ಸ್ವಲ್ಪ, ಟ್ರಂಕನ್ನು ಜಾಸ್ತಿ ನೋಡಿ ಹೋದರು. ಅತ್ತೆ ಮಾತ್ರ ಕೆಂಪಣ್ಣನನ್ನು ಕರೆಸಿದರು.

"ಆಮೆ ಎರಡೂ ಇನ್ಮೇಲೆ ನಿಂದು ಕಣ್ಲಾ."

"ನಂಗ್ಯಾಕತ್ತೆ ಈ ಗೋಳು? ನಿಮ್ಮ ಸೊಸೆ ಇಲ್ವಾ?"

"ಅವ್ಳು ನಿನ್ ಜತೆ ಜಗಳ ಆಡಾಕಿಲ್ಲ. ಡ್ರಮ್ಮು ಇರೋದು ನಿನ್ ಬೆನ್ ಮ್ಯಾಲೆ. ನೀನೇ ಕಾಯಿ."

ನನಗೆ ಒಂದಿಷ್ಟು ಬೇಸರವಾಯಿತು. ಆದರೆ ಅವರು ಎಣಿಸಿದ್ದು ತಪ್ಪಲಿಲ್ಲ. ಅತ್ತೆ ಹೋದ ಮೇಲೆ, ಕೆಂಪಣ್ಣ ಹೆಂಡತಿಯೊಡನೆ ಬದನೆ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹುಳು ಬಿದ್ದ ಕುಡಿಗಳನ್ನು ಕೈಯಲ್ಲೇ ಚಿವುಟುವುದು ಬೇಲಿಯಾಚೆ ಕಾಣುತ್ತಿತ್ತು. ಅವನ ಕಾಲ ಬುಡದಲ್ಲೇ ಆಮೆಗಳು ಕಳೆ ಮೇಯುತ್ತಿದ್ದವು. "ಹೋಗೋವಾಗ್ಲೂ ಕೆಲ್ಸ ಹಚ್ಚಿ ಹೋದ್ರಲ್ಲಮ್ಮ ನಿಮ್ಮತ್ತೆ" ಎಂದು ನನ್ನನ್ನು ಕಂಡಾಗಲೆಲ್ಲ ಬೈಯುತ್ತಿದ್ದ. ಬೈದು, ಆಮೆ ತುಳಿಯದ ಹಾಗೆ ಕಾಲೆತ್ತಿ ಪಕ್ಕಕ್ಕಿಡುತ್ತಿದ್ದ.

ಅತ್ತೆಯ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಇರುವುದು ಈ ಹಾಳೆಗಳೇ. ಓದಿದ ಮೇಲೆ ಇಸ್ತ್ರಿ ಬಟ್ಟೆಯ ಅಡಿಗೆ ಹಾಸದೆ, ನಿಮ್ಮ ಮಾರ್ಕ್ಸ್ ಕಾರ್ಡು ಇಡುವ ಕಡೆ ಇಟ್ಟಿರಿ ಮಕ್ಕಳೇ.