ಬೇತಮಂಗಲದ ಏರಿಯ ಮೇಲೆ ಮೌನದ ದಿನ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಮಾತಾಡದೆ ಇರುವುದಕ್ಕೆಂದೇ ಜನರು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಗುತ್ತಾರೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಮ್ಮದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕೂಲಿಗಾರರ ಸಾಲಿನಲ್ಲಿದ್ದ ಲೈನ್ ಮನೆ. ಬಿದಿರು ತಟ್ಟಿಯ ಗೋಡೆ. ಈಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆಚೆ ಮನೆಯಲ್ಲಿ ಸೀನು ಬರುತ್ತಿತ್ತು. ನಲ್ಲಿಯ ಮುಂದೆ ತಮಿಳು, ತೆಲುಗು, ಕನ್ನಡ ಮೂರೂ ಭಾಷೆಗಳು ಕೊಡ ಹಿಡಿದುಕೊಂಡು ಜಗಳವಾಡುತ್ತಿದ್ದವು. ಅದಿರು ಕುಟ್ಟುವ ಯಂತ್ರಗಳ ಸದ್ದು ಹಗಲೂ ರಾತ್ರಿಯೂ ನಿಲ್ಲುತ್ತಿರಲಿಲ್ಲ. ಗಾಳಿ ಎದ್ದಿತೆಂದರೆ ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದ ಸೈನೈಡ್ ದಿಬ್ಬದ ಬಿಳಿಯ ಪುಡಿ ಹಾರಿಬಂದು ನಮ್ಮ ಮುದ್ದೆಯ ಮೇಲೆ ಕೂರುತ್ತಿತ್ತು.

ಅಪ್ಪ ಗಣಿಯ ಒಳಗೆ ಇಳಿಯುವ ಕೆಲಸದವನು. ಅಕ್ಕ ನನಗಿಂತ ದೊಡ್ಡವಳು. ನಮ್ಮ ಕ್ರೈಸ್ತ ಸಭೆಯವರು ಲೈನಿನಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ನಾಲ್ಕನೆಯ ತರಗತಿಯನ್ನು ಮುಗಿಸಿದ್ದಳು. ಅಲ್ಲಿಗೆ ಆ ಶಾಲೆಯೂ ಮುಗಿಯುತ್ತಿತ್ತು. ಹೆಣ್ಣುಮಕ್ಕಳು ಮುಂದೆ ಓದಬೇಕಾದರೆ ಸಭೆಗೆ ಸೇರಿದ ಬೋರ್ಡಿಂಗ್ ಶಾಲೆಯೊಂದೇ ದಾರಿ. ಅದು ದೂರದ ಊರಿನಲ್ಲಿತ್ತು. ಅಲ್ಲಿ ಓದಿದವರು ಉಪಾಧ್ಯಾಯಿನಿಯರಾಗುತ್ತಿದ್ದರು. ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಬಿಷಪರ ತೀರ್ಮಾನ.

ಇತ್ತ, ಬಂಗಲೆಯೊಂದರ ದೊರೆಸಾನಿ ತನ್ನ ಮಗುವನ್ನು ಎತ್ತಿ ಆಡಿಸಲು ಹುಡುಗಿಯೊಬ್ಬಳು ಬೇಕೆಂದು ಹೇಳಿಕಳುಹಿಸಿದ್ದಳು. ಅಮ್ಮ ಒಪ್ಪಿಕೊಂಡಿದ್ದಳು. ಅಪ್ಪ ಮಾತ್ರ, “ಬಿಷಪ್ಪರನ್ನ ಒಂದ್ ಮಾತು ಕೇಳ್ಬುಡ್ತೀನಿ ತಡಿ. ಅವ್ರು ಆಗಲ್ಲ ಅಂದ್ರೆ ಕಳ್ಸೀವಂತೆ” ಎಂದು ಅಮ್ಮನನ್ನು ತಡೆದಿದ್ದ.

ಬಿಷಪರು ನಮ್ಮ ಕಡೆಗೆ ಬರುತ್ತಿದ್ದುದು ಅಪರೂಪ. ಆ ವರ್ಷ ಬೇತಮಂಗಲದ ಕೆರೆಯ ಬಳಿ ಧ್ಯಾನಕೂಟವನ್ನು ನಡೆಸಲು ಬರುವರೆಂದು ನಮ್ಮ ಪಾದ್ರಿ ಅಯ್ಯನವರು ತಿಳಿಸಿದರು. “ನನ್ನ ಕೈಯಲ್ಲಿ ಏನೂ ಇಲ್ಲಪ್ಪ. ಅಲ್ಲಿಗೆ ಬಂದು ನೀವೇ ಅವರನ್ನು ಕೇಳಿ. ಹುಡುಗಿಯನ್ನೂ ಕರೆತನ್ನಿ, ಒಂದು ಕೀರ್ತನೆ ಹೇಳಿಸುತ್ತಾರೆ, ಭೂಗೋಳದಲ್ಲಿ ಏನಾದರೂ ಕೇಳುತ್ತಾರೆ” ಎಂದರು. ಅಂದಿನಿಂದ ಅಕ್ಕ ಪಾತ್ರೆ ಬೆಳಗುವಾಗ ಕೀರ್ತನೆ, ಸೌದೆ ಒಟ್ಟುವಾಗ ನದಿಗಳ ಹೆಸರು, ನನ್ನ ತಲೆ ಬಾಚುವಾಗ ಪರ್ವತಗಳ ಹೆಸರು. ಪರ್ವತಗಳ ಪಾಠ ನಡೆಯುವಾಗ ಬಾಚಣಿಗೆ ಬಲವಾಗಿ ಎಳೆಯುತ್ತಿತ್ತೆಂಬುದು ನನ್ನ ತಲೆಗೆ ಇನ್ನೂ ನೆನಪಿದೆ.

ಪಕ್ಕದ ಮನೆಯಲ್ಲಿ ತಮಿಳು ಮುದುಕಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಪಾಟಿ, ಎಂದರೆ ಅಜ್ಜಿ, ಎನ್ನುತ್ತಿದ್ದರು. ಆಕೆ ತಟ್ಟಿಯ ಆಚೆಯಿಂದಲೇ ಕೂಗಿದಳು: “ಏ ಪೊಣ್ಣೇ, ಬಿಷಪ್ ಮುಂದೆ ನಿಂತ್ರೆ ನಿನ್ ಬಾಯಿಗೆ ಬೀಗ ಬೀಳ್ತದೆ ನೋಡು!”

“ನಮ್ ಉಡ್ಗಿ ಬಾಯಿಗಾ? ಅದುಕ್ಕೆ ಬೀಗ ಮಾಡೋ ಆಚಾರಿ ಇನ್ನೂ ಉಟ್ಟಿಲ್ಲ ಪಾಟಿ!” ಎಂದು ಅಪ್ಪ ಈಚೆಯಿಂದ ಕೂಗಿದ.

ಶನಿವಾರ ಮಧ್ಯಾಹ್ನ ಪಾಟಿಯೂ ಸಭೆಯ ಉಳಿದವರೂ ಎತ್ತಿನ ಗಾಡಿಗಳಲ್ಲಿ ಹೊರಟುಹೋದರು. ಅಪ್ಪನ ಶಿಫ್ಟ್ ಮುಗಿದಿರಲಿಲ್ಲ. ಅವನು ಮೇಲೆ ಬಂದು, ಮೈ ತೊಳೆದು, ಒಗೆದ ಪಂಚೆ ಉಟ್ಟುಕೊಂಡ ಮೇಲೆ ನಾವು ಮೂವರು ನಡೆದು ಹೊರಟೆವು. ಅಮ್ಮ ಕೈಗೂಸಿನೊಂದಿಗೆ ಮನೆಯಲ್ಲಿ ಉಳಿದಳು.

ಆಂಡರ್ಸನ್‌ಪೇಟೆ ದಾಟಿದ ಮೇಲೆ ಯಂತ್ರಗಳ ಸದ್ದು ಹಿಂದೆ ಸರಿಯಿತು. ರಸ್ತೆಯ ಎರಡು ಕಡೆಗಳಲ್ಲಿಯೂ ಹುಣಸೆಮರಗಳು. ಕೊಯ್ಲಾದ ರಾಗಿಹೊಲದ ಒಣ ವಾಸನೆ. ಅಪ್ಪ ದಾರಿಯುದ್ದಕ್ಕೂ ಮಾತಾಡಿದ. ಬಿಷಪರಿಗೆ ಹೇಗೆ ಹೇಳಬೇಕೆಂಬುದನ್ನು ನನ್ನನ್ನೇ ಬಿಷಪರನ್ನಾಗಿ ಮಾಡಿ ಕಲಿತುಕೊಂಡ. ನಾನು ಮೈಲಿಗಲ್ಲಿನ ಮೇಲೆ ಗಂಭೀರವಾಗಿ ಕೂತೆ. ಅಪ್ಪ ಕೈ ಜೋಡಿಸಿ, “ದೊಡ್ಡೋರೇ, ನಮ್ ಉಡ್ಗಿಗೆ ಓದಿನ್ ಉಚ್ಚು. ತಾವು ಒಂದ್ ಮನಸ್ ಮಾಡ್ಬೇಕು” ಎಂದ.

“ಆಗಲ್ಲ, ಓಗು” ಎಂದೆ ನಾನು.

ಅಕ್ಕ ಬಿಷಪರ ಕಿವಿ ಹಿಂಡಿದಳು. ಅಪ್ಪ ರಸ್ತೆಯ ನಡುವೆ ನಿಂತು ಬಿದ್ದು ಬಿದ್ದು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ನಾವು ತಲುಪುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಕೆರೆಯ ಏರಿಯ ಕೆಳಗೆ, ಮರಗಳ ನಡುವೆ ಚಪ್ಪರ ಹಾಕಿದ್ದರು. ಗಂಟೆ ಬಾರಿಸುತ್ತಿದ್ದರು. ಅಷ್ಟು ಜನರಿದ್ದರೂ ಒಂದು ಮಾತಿಲ್ಲ. ಪಾಟಿ ನಮ್ಮನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಮರವೊಂದಕ್ಕೆ ಕಪ್ಪುಹಲಗೆಯನ್ನು ಒರಗಿಸಿ, ಅದರ ಮೇಲೆ ಸೀಮೆಸುಣ್ಣದಿಂದ ಮೂರು ಭಾಷೆಗಳಲ್ಲಿ ಬರೆದಿದ್ದರು. ಅಪ್ಪನಿಗೆ ಓದು ಬಾರದು. ಅಕ್ಕ ಓದಿ, ಅವನ ಕಿವಿಯಲ್ಲಿ ಹೇಳಿದಳು: “ನಾಳೆ ಸಂಜೆ ಗಂಟೆ ಒಡೆಯೋ ತಂಕ ಯಾರೂ ಮಾತಾಡ್ಬಾರ್ದಂತೆ ಅಪ್ಪ.”

ಅಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಧ್ಯಾನಕೂಟವೆಂದರೆ ಹೀಗಿರುತ್ತದೆಂದು ನಮಗೆ ಗೊತ್ತಿರಲಿಲ್ಲ. ನಮ್ಮ ಲೈನಿನವರು ಅಂಥ ಕೂಟಕ್ಕೆ ಹಿಂದೆಂದೂ ಹೋದವರಲ್ಲ. ನಾವು ಬರುವ ಮೊದಲೇ ಪಾದ್ರಿ ಅಯ್ಯನವರು ಎಲ್ಲರನ್ನೂ ಕೂರಿಸಿ, ಕೂಟದ ಕ್ರಮವನ್ನೆಲ್ಲ ಬಾಯಿಮಾತಿನಲ್ಲಿ ವಿವರಿಸಿಬಿಟ್ಟಿದ್ದರು. ಆ ವಿವರ ಹಲಗೆಯ ಮೇಲೆ ಇರಲಿಲ್ಲ. ಇನ್ನು ಅದನ್ನು ನಮಗೆ ಹೇಳಲು ಯಾರಿಗೂ ಬಾಯಿರಲಿಲ್ಲ. ಅಪ್ಪ ನಮ್ಮಿಬ್ಬರ ಕಡೆಗೆ ನೋಡಿ, ನಾಳೆಯ ಗಂಟೆಯಾದ ಮೇಲೆ ಕೇಳೋಣವೆಂಬಂತೆ ಕೈಯಾಡಿಸಿದ.

ಭಾನುವಾರ ಬೆಳಗ್ಗೆ ಎದ್ದಾಗ ನನ್ನ ಕಿವಿಗಳು ಗುಂಯ್ಗುಟ್ಟುತ್ತಿದ್ದವು. ಯಂತ್ರಗಳ ಸದ್ದಿಲ್ಲದ ಮುಂಜಾನೆಯನ್ನು ನಾನು ಕಂಡದ್ದು ಅದೇ ಮೊದಲು. ನೀರುಕೋಳಿಗಳು ಕೂಗುತ್ತಿದ್ದವು. ಕೆರೆಯ ಕಡೆಯಿಂದ ಪಾಚಿ ಮತ್ತು ಮೀನಿನ ವಾಸನೆ ಹೊತ್ತ ತಣ್ಣನೆಯ ಗಾಳಿ. ಆರಾಧನೆಯ ಹೊತ್ತಿನಲ್ಲಿ ಮಾತ್ರ ಬಿಷಪರು ಮಾತಾಡುತ್ತಿದ್ದರು. ಎತ್ತರದ ಬಿಳಿಯ ಮನುಷ್ಯ. ಅವರು ಕಲಿತ ಕನ್ನಡ ನಿಧಾನವಾಗಿ, ಆದರೆ ತಪ್ಪಿಲ್ಲದೆ ಬರುತ್ತಿತ್ತು. ಆಮೇಲೆ ಎಲ್ಲರೂ ಮರಗಳ ಕೆಳಗೆ ಚದುರಿ ಕೂತು ಧ್ಯಾನಿಸಬೇಕು. ಪಾಟಿ ಎಲೆಯಡಿಕೆಗೆ ಸುಣ್ಣ ಬೇಕೆಂದು ಸನ್ನೆ ಮಾಡಿದಳು. ಅಡುಗೆಯವನು ಉಪ್ಪು ತಂದುಕೊಟ್ಟ. ಅದನ್ನು ಬಾಯಿಗೆ ಹಾಕಿಕೊಂಡ ಪಾಟಿಯ ಮುಖವನ್ನು ನೋಡಿ ನಾನು ನಗು ತಡೆಯಲಾರದೆ ಅಕ್ಕನ ಲಂಗದ ಅಂಚನ್ನೇ ಬಾಯಿಗೆ ತುರುಕಿಕೊಂಡೆ.

ಮಧ್ಯಾಹ್ನ, ಏರಿಯ ಪಕ್ಕದಲ್ಲಿದ್ದ ಸಣ್ಣ ಗುಡಾರದೊಳಗೆ ಬಿಷಪರು ಹೋಗಿ ಕೂತರು. ಹೊರಗೆ ಜನ ಸಾಲಾಗಿ ನಿಂತರು. ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು. ಕೆಲವರು ಕಣ್ಣು ಒರೆಸಿಕೊಂಡು ಹೊರಗೆ ಬರುತ್ತಿದ್ದರು. ಅಪ್ಪ ದೂರದ ಹುಣಸೆಮರದ ಕೆಳಗೆ ಕೂತು ನೋಡುತ್ತಿದ್ದ. ಗಣಿ ಆಫೀಸಿನ ಗುಮಾಸ್ತರೊಬ್ಬರು ಮಗಳ ಕೈ ಹಿಡಿದು ಒಳಗೆ ಹೋದಾಗ ಅಪ್ಪ ಪಾಪ ಎಂಬಂತೆ ತಲೆಯಾಡಿಸಿದ. ಪಾಟಿಯೂ ಸಾಲಿನಲ್ಲಿ ನಿಂತಾಗ ಅವನ ಹುಬ್ಬು ಹಣೆಗೆ ಏರಿತು. ಅಕ್ಕ ಗುಡಾರದ ಕಡೆಗೆ ಬೆರಳು ತೋರಿಸಿ, ಹೋಗೋಣವೇ ಎಂದು ಕಣ್ಣಿನಲ್ಲಿಯೇ ಕೇಳಿದಳು. ಅಪ್ಪ ಎರಡೂ ಕೈಗಳಿಂದ ತನ್ನ ಕೆನ್ನೆಗಳನ್ನು ತಟ್ಟಿಕೊಂಡು, ಬೇಡವೆಂದು ಸನ್ನೆ ಮಾಡಿದ. ಪಾದ್ರಿ ಅಯ್ಯನವರು ಆ ಕಡೆ ಹಾಯುವಾಗ, ಆಯಿತೇ ಎಂಬಂತೆ ಕತ್ತು ಹೊರಳಿಸಿದರು. ಊಟದ ವಿಚಾರವೆಂದು ತಿಳಿದ ಅಪ್ಪ ಸಂತೋಷದಿಂದ ಹೊಟ್ಟೆ ಸವರಿಕೊಂಡ. ಅವರು ನಕ್ಕು ಮುಂದೆ ಹೋದರು.

ಬಿಸಿಲು ಇಳಿಯತೊಡಗಿತು. ಗುಡಾರದ ಮುಂದಿನ ಸಾಲು ಕರಗಿತು. ಬಿಷಪರು ಹೊರಗೆ ಬಂದು ಒಬ್ಬರೇ ಏರಿಯ ಮೇಲೆ ನಡೆಯುತ್ತ, ನಾವು ಕೂತಿದ್ದ ಕಡೆಗೇ ಬಂದರು. ಅಕ್ಕ ಎದ್ದು ನಿಂತಳು. ಆಕೆ ಉಟ್ಟಿದ್ದ ನೀಲಿ ಲಂಗ ಗಾಳಿಗೆ ಪಟಪಟನೆ ಬಡಿಯುತ್ತಿತ್ತು. ಅವರು ಅವಳ ಎದುರಿಗೆ ಬಂದು ನಿಂತರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅಕ್ಕನ ತುಟಿಗಳು ತೆರೆದವು. ಕೀರ್ತನೆಯ ಮೊದಲ ಪದದ ಉಸಿರನ್ನು ಅವಳು ಎಳೆದುಕೊಂಡದ್ದು ನನಗೆ ಕೇಳಿಸಿತು.

ಅಪ್ಪ ಸರಕ್ಕನೆ ಕೈ ಎತ್ತಿದ. ಅಂಗೈ ಅಗಲಿಸಿ ತಡೆದ.

ಅಕ್ಕ ಬಾಯಿ ಮುಚ್ಚಿಕೊಂಡಳು. ಬಿಷಪರು ಮುಗುಳ್ನಕ್ಕು, ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, ಮುಂದೆ ನಡೆದರು.

ಇನ್ನೇನು ಗಂಟೆಯಾಗಬೇಕು. ಅಪ್ಪ ಪಂಚೆ ಕೊಡವಿಕೊಂಡು, ಅಕ್ಕನ ಜಡೆಯನ್ನು ಸರಿಮಾಡಿ ಸಿದ್ಧನಾದ. ಆಗ ಮರಗಳ ಆಚೆ ಮೋಟಾರು ಗುರ್ ಎಂದಿತು. ಬಿಷಪರು ಬಂಗಾರಪೇಟೆಯಲ್ಲಿ ರೈಲು ಹತ್ತಬೇಕಾಗಿತ್ತು. ಗಂಟೆ ಬಾರಿಸುವುದನ್ನು ಪಾದ್ರಿ ಅಯ್ಯನವರಿಗೆ ಬಿಟ್ಟು ಅವರು ಹೊರಟೇಬಿಟ್ಟಿದ್ದರು. ಅಪ್ಪ ಓಡಿದ. ಪಂಚೆಯನ್ನು ಎತ್ತಿ ಕಟ್ಟಿ, ಧೂಳಿನ ಹಿಂದೆ ಏರಿಯುದ್ದಕ್ಕೂ ಓಡಿದ. ಆದರೆ ಮಕ್ಕಳೇ, ಅವನು ಕೂಗಲಿಲ್ಲ. ಗಂಟೆ ಇನ್ನೂ ಆಗಿರಲಿಲ್ಲ. ಗಂಟೆಯ ಮೊದಲ ಪೆಟ್ಟು ಬಿದ್ದಾಗ “ಸ್ವಾಮೀ!” ಎಂದು ಅರಚಿದ. ಆಗ ಅಲ್ಲಿ ಧೂಳು ಬಿಟ್ಟರೆ ಬೇರೇನೂ ಇರಲಿಲ್ಲ.

ಚಪ್ಪರದ ಕೆಳಗೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದ್ದರು. ಪಾದ್ರಿ ಅಯ್ಯನವರು ನಗುತ್ತ ಬಂದರು. “ಏನಪ್ಪ, ಬಿಷಪರು ಏನೆಂದರು?”

“ಮಾತೇ ಆಡ್ಲಿಲ್ವಲ್ಲ ಅಯ್ನೋರೇ. ಗಂಟೆ ಆಗ್ಲಿ ಅಂತ ಕಾದೆ.”

“ಗುಡಾರದಲ್ಲಿ? ಅಲ್ಲಿ ಮಾತಾಡಬಹುದಾಗಿತ್ತಲ್ಲ! ಕಷ್ಟಸುಖ ಹೇಳಿಕೊಳ್ಳುವವರಿಗೆಂದೇ ಅಷ್ಟು ಹೊತ್ತು ಕೂತಿದ್ದರು!”

ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. “ನಾನು... ಪಾಪ ಮಾಡ್ದೋರು ಒಪ್ಕಳಕ್ಕೆ ಓಗೋ ಜಾಗ ಅಂದ್ಕಂಡೆ. ನಾವೇನ್ ಅಂತಾ ಪಾಪ ಮಾಡಿದೀವಿ ಅಂತ...”

“ಅಡ ಪಾವಿ! ನಾನು ನನ್ ಮಂಡಿನೋವಿಗೆ ಜಪ ಮಾಡಿ ಅಂತ ಕೇಳೋಕೆ ಹೋಗಿದ್ದೆ!” ಎಂದು ಪಾಟಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಗಾಡಿಯಲ್ಲಿ ಬನ್ನಿರೆಂದು ಆಕೆ ಎಷ್ಟು ಕರೆದರೂ ಅಪ್ಪ ಹತ್ತಲಿಲ್ಲ.

ನಾವು ಮೂವರು ಕತ್ತಲಲ್ಲಿ ನಡೆದೇ ಹಿಂದಿರುಗಿದೆವು. ದಾರಿಯಲ್ಲಿ ಅಕ್ಕ ಕೇಳಿದಳು: “ನನ್ನ ಯಾಕಪ್ಪ ತಡ್ದೆ?”

ಅಪ್ಪ ಕತ್ತು ಎತ್ತದೆ ಹೇಳಿದ: “ಗಣಿ ಕೆಳ್ಗೆ ಬಂಡೆ ಬಿದ್ದಾಗ ನಾವೆಲ್ಲ ಸುತ್ಗೆ ಇಳ್ಸಿ ಸುಮ್ಕಾಗ್ತೀವಿ ಕಣವ್ವ. ಉಸ್ರೂ ಬಿಡಲ್ಲ. ಒಳ್ಗೆ ಸಿಕ್ಕಂಡೋನು ಬದ್ಕಿದ್ರೆ ಕಲ್ಲು ಕುಟ್ತಾನೆ. ಈಚೆ ಒಬ್ಬ ಬಾಯ್ ಬಿಟ್ರೂ ಅದು ಕೇಳಲ್ಲ. ಅವ್ನು ಅಲ್ಲೇ ಓಗ್ತಾನೆ. ಇಲ್ಲೂ ಅಂಗೇ ಅಂದ್ಕಂಡೆ. ಎಲ್ರೂ ಸುಮ್ಕಿರೋವಾಗ ನಾವು ಮಾತಾಡಿ, ಯಾರ್ದೋ ಸದ್ದು ದೇವ್ರಿಗೆ ಕೇಳ್ದಂಗೆ ಓದ್ರೆ?”

ಅಕ್ಕ ಸ್ವಲ್ಪ ದೂರ ನಡೆದಳು. “ನನ್ ಸದ್ದು ಕೇಳ್ತಾ ಅಪ್ಪ?”



ಪಾದ್ರಿ ಅಯ್ಯನವರು ಮಾರನೆಯ ದಿನವೇ ಬಿಷಪರಿಗೆ ಬರೆದರು. ಆ ವರ್ಷದ ಜಾಗಗಳು ತುಂಬಿಹೋಗಿದ್ದವು. ಗುಮಾಸ್ತರ ಮಗಳು ಸೇರಿಕೊಂಡಳು. ಮುಂದಿನ ವರ್ಷಕ್ಕೆ ಅಕ್ಕನ ವಯಸ್ಸು ಮೀರುತ್ತಿತ್ತು. ಅವಳು ಬಂಗಲೆಗೆ ಹೋದಳು. ಆ ಮಗು ಬೆಳೆದ ಮೇಲೆ ಇನ್ನೊಂದು ಬಂಗಲೆ, ಅಲ್ಲಿಂದ ಮತ್ತೊಂದು. ಕೀರ್ತನೆಯನ್ನಾಗಲಿ, ನದಿಗಳ ಹೆಸರುಗಳನ್ನಾಗಲಿ ಅವಳ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ನನಗಾಗಿ ಮಾತ್ರ ಯಾರೂ ಯಾರ ಮುಂದೆಯೂ ಕೈ ಜೋಡಿಸಬೇಕಾಗಲಿಲ್ಲ. ಗಂಡುಹುಡುಗರ ಶಾಲೆ ಆಂಡರ್ಸನ್‌ಪೇಟೆಯಲ್ಲಿಯೇ ಇತ್ತು. ಅಪ್ಪ ಒಂದು ಬೆಳಗ್ಗೆ ಕೈ ಹಿಡಿದು ಕರೆದುಕೊಂಡು ಹೋಗಿ ಸೇರಿಸಿದ. ನಾನು ಓದಿ ಉಪಾಧ್ಯಾಯನಾದೆ.

ಈ ಬೇಸಿಗೆ ರಜೆಯಲ್ಲಿ ನೀವೂ ಸಭೆಯ ಮಕ್ಕಳ ಶಿಬಿರಕ್ಕೆಂದು ಬಸ್ಸಿನಲ್ಲಿ ಬೇತಮಂಗಲಕ್ಕೆ ಹೋಗಿಬಂದಿರಿ. ಮೈಕಿನ ಮುಂದೆ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡು ಬಂದಿರಿ. ಪ್ರಶ್ನೆ ಕೇಳಿದವರಿಗೆಲ್ಲ ಪೆನ್ಸಿಲ್ ಕೊಟ್ಟರಂತೆ. ಈಗಿನ ಬಿಷಪರು ನಿಮ್ಮ ಪಕ್ಕದಲ್ಲಿಯೇ ಕೂತು ಊಟ ಮಾಡಿದರಂತೆ. ನಿಮ್ಮಲ್ಲೊಬ್ಬಳು, ನಿಮ್ಮ ಮೂಗಿನ ಮೇಲೆ ಮಚ್ಚೆ ಏಕಿದೆಯೆಂದು ಅವರನ್ನೇ ಕೇಳಿದಳಂತೆ. ಕೇಳಿ ಮಕ್ಕಳೇ, ಎಲ್ಲವನ್ನೂ ಕೇಳಿ.

ನಮ್ಮ ಮನೆಯಲ್ಲಿರುವ ದೊಡ್ಡಜ್ಜಿಯೇ ಆ ಅಕ್ಕ. ದೊಡ್ಡಜ್ಜಿ ಎಷ್ಟು ಒಳ್ಳೆಯವಳು, ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲವೆಂದು ಬಂದವರೆಲ್ಲ ಹೊಗಳುತ್ತಾರೆ. ನೀವೂ ಹಾಗೆಯೇ ತಿಳಿದಿದ್ದೀರಿ. ಅದು ಒಳ್ಳೆಯತನವಲ್ಲ. ಜ್ವರ ಬಂದರೆ ನಾವೇ ಮೈ ಮುಟ್ಟಿ ತಿಳಿಯಬೇಕು. ತಟ್ಟೆಯಲ್ಲಿ ಸಾರು ಮುಗಿದರೆ ಒಣ ಮುದ್ದೆಯನ್ನು ನುಂಗುತ್ತಾಳೆಯೇ ಹೊರತು ಬಡಿಸಿರೆನ್ನುವುದಿಲ್ಲ. ಇಷ್ಟು ಮಕ್ಕಳಿಗೆ ಪಾಠ ಹೇಳಿದ ನಾನು ಅವಳಿಗೆ ಕೇಳುವುದನ್ನು ಕಲಿಸಲು ನೋಡಿ ನೋಡಿ ಕೈಬಿಟ್ಟಿದ್ದೇನೆ. ಆದ್ದರಿಂದ ಇವತ್ತು ಊಟಕ್ಕೆ ಕೂತಾಗ ಅವಳ ತಟ್ಟೆಯ ಕಡೆಗೆ ಒಮ್ಮೆ ನೋಡಿ. ಸಾರು ಮುಗಿದಿದ್ದರೆ ಸುಮ್ಮನೆ ಬಡಿಸಿಬಿಡಿ. ಬೇಕೇ ಎಂದು ಕೇಳಬೇಡಿ, ಬೇಡವೆನ್ನುತ್ತಾಳೆ.