ಹುರುಳಿ ಚೀಲದ ಹಿಂದೆ ಪಾಂಡವಪುರಕ್ಕೆ

ಶ್ರೀರಂಗಪಟ್ಟಣದಿಂದ ಸಂತೆಬಾಚಹಳ್ಳಿಗೆ ಹೋಗುವುದು ದೊಡ್ಡ ಪ್ರಯಾಣವೇನಲ್ಲ. ಪಾಂಡವಪುರಕ್ಕೊಂದು ಬಸ್ಸು, ಅಲ್ಲಿಂದ ಕೆ.ಆರ್.ಪೇಟೆಗೊಂದು, ಮುಂದಕ್ಕೆ ಮತ್ತೊಂದು. ಆದರೂ ಅವತ್ತು ಬೆಳಿಗ್ಗೆ ಆರಕ್ಕೇ ಹೆಂಡತಿ ಸುಶೀಲಳನ್ನು ಹೊರಡಿಸಿದೆ. ಮಾರನೆಯ ದಿನ ಅಲ್ಲಿ ನನ್ನ ತಮ್ಮನ ಮಗಳ ಮದುವೆ. ಗಂಡು ನಾಗಮಂಗಲದ ಕಡೆಯವನು. ತಾಳಿ ಮಾಡಿದವನು ನಾನೇ, ತಲುಪಿಸಬೇಕಾದವನೂ ನಾನೇ.

ನಾವು ಅಕ್ಕಸಾಲಿಗರು. ಅಪ್ಪನ ಕಾಲದಿಂದ ನಮ್ಮ ಮನೆಯ ಚಿನ್ನ ಊರು ಬಿಟ್ಟರೆ ಹುರುಳಿಕಾಳಿನ ಚೀಲದೊಳಗೆ ಕೂತೇ ಹೋಗುತ್ತದೆ. ಹುರುಳಿಯನ್ನು ಯಾವ ಕಳ್ಳನೂ ಕಣ್ಣೆತ್ತಿ ನೋಡುವುದಿಲ್ಲ. ಜೊತೆಗೆ ಬರುವವರಿಗೆ ಹೇಳಕೂಡದು ಎಂಬುದು ಇನ್ನೊಂದು ಕಟ್ಟಳೆ. ಹೇಳಿದರೆ ಅವರು ಚೀಲವನ್ನು ಎದೆಗವಚಿಕೊಂಡು ಕೂತು ಗುಟ್ಟು ರಟ್ಟು ಮಾಡುತ್ತಾರೆ. ಹಾಗಾಗಿ ತಾಳಿಯನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಎರಡು ಸೇರು ಹುರುಳಿಯೊಳಗೆ ಹೂತು, ಸುಶೀಲಳಿಗೆ ಸುಳಿವು ಕೊಡದೆ ಬಸ್ಸು ಹತ್ತಿದೆ. ಅವಳು ಉಚಿತ ಟಿಕೆಟ್ಟಿನಲ್ಲಿ ಕೂತಳು. ದುಡ್ಡು ಕೊಟ್ಟ ನಾನು ನಿಂತೇ ಬಂದೆ.

ಪಾಂಡವಪುರದಲ್ಲಿ ಅಕ್ಕ ಇದ್ದಾಳೆ. ಭಾವ ಹಿಂದಿನ ದಿನವೇ ಮದುವೆ ಮನೆಗೆ ಹೋಗಿದ್ದರು. ಮಂಡಿನೋವೆಂದು ಹೇಳಿ ಅಕ್ಕ ಉಳಿದುಕೊಂಡಿದ್ದಳು. ಬಸ್ಸು ಬದಲಿಸುವ ನಡುವೆ ಅವಳ ಮನೆಗೆ ಹೋದೆವು. ನಮ್ಮನ್ನು ಕಂಡು ಕುಂಟುತ್ತಲೇ ಕಾಫಿಗೆ ನೀರಿಡಲು ಹೊರಟಳು.

"ಈಗ ಬ್ಯಾಡ ಕಣಕ್ಕ, ಬಸ್ಸು ತಪ್ಪೋಯ್ತದೆ" ಎಂದು ತಡೆದೆ. ಅವಳ ಮುಖ ಸಣ್ಣದಾಯಿತು. ನಾನು ಗಡಿಯಾರ ನೋಡಿಕೊಂಡು ಎದ್ದೆ.

ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತಾ ಕೆ.ಆರ್.ಪೇಟೆ ಮುಟ್ಟುವ ಹೊತ್ತಿಗೆ ಹತ್ತು ದಾಟಿತ್ತು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಸಾಮಾನಿನ ಕಡೆ ನೋಡಿದೆ. ಒಂದು ಚೀಲ ಕಮ್ಮಿ, ಹುರುಳಿಯದೇ.

"ಉಳ್ಳಿ ಚೀಲ ಎಲ್ಲೇ?"

"ಪಾಂಡವಪುರದಲ್ಲಿ ಅತ್ತಿಗೆಗೆ ಕೊಟ್ ಬಂದೆ. ಸಂತೆಬಾಚಹಳ್ಳಿಯೋರೇ ಉಳ್ಳಿ ಬೆಳೀತಾರೆ, ಅಲ್ಲಿಗ್ಯಾಕೆ ಒತ್ಕೊಂಡೋಗದು?"

ಕೈಯ ಇಡ್ಲಿ ತಟ್ಟೆಗೆ ಬಿಟ್ಟು ಎದ್ದೆ. "ತಾಳಿ ಅದ್ರೊಳಗದೆ ಕಣೇ!"

ಸುಶೀಲ ಬಯ್ಯಲಿಲ್ಲ. ಬೈದಿದ್ದರೇ ವಾಸಿ. "ನಂಗೊಂದ್ ಮಾತು ಯೋಳ್ಬಾರ್ದಾಗಿತ್ತಾ?" ಎಂದಷ್ಟೇ ಅಂದಳು. ಅಕ್ಕನಿಗೆ ಮೇಲಿಂದ ಮೇಲೆ ಫೋನು ಮಾಡಿದೆವು, ಎತ್ತಲಿಲ್ಲ. ಅವಳ ಕೈ ಧಾರಾಳ. ಬಾಗಿಲಿಗೆ ಬಂದವರಿಗೆಲ್ಲ ಮೊರದಲ್ಲಿ ಮೊಗೆದು ಕೊಡುವವಳು. ವಾಪಸ್ಸು ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂರಲು ಮನಸ್ಸಾಗಲಿಲ್ಲ. ತಮ್ಮನಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಯೋಚನೆ.

ಅಕ್ಕ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಪಕ್ಕದ ಮನೆಯ ಇಬ್ಬರು ಹೆಂಗಸರು. ನಮ್ಮನ್ನು ಕಂಡದ್ದೇ ಅವರನ್ನು ಸಾಗಹಾಕಿ, ಬೆನ್ನ ಹಿಂದಿನಿಂದ ಚೀಲ ಎಳೆದಳು.

"ಕೇರಕ್ಕೆ ಅಂತ ಕೈ ಇಕ್ದೆ, ಡಬ್ಬಿ ಸಿಕ್ತು. ಅಪ್ಪನ ಬುದ್ಧಿ ನಿಂಗೂ ಬಂದದೆ ಅಂತ ಗೊತ್ತಾಗೋಯ್ತು ಕಣ್ಲಾ. ಅಷ್ಟೊತ್ತಿಗೆ ಇವ್ರು ಬಂದ್ರು. ಮಂಡಿ ಇಡ್ಕೊಂಡದೆ ಅಂದ್ಬುಟ್ಟು ಇಲ್ಲೇ ಕೂತೆ. ಪೋನು ಒಳಗೆ ಬಡ್ಕೊತಾನೇ ಇತ್ತು."

"ಏನಾರ ತಿಂದ್ರಾ ಅತ್ತಿಗೆ?" ಸುಶೀಲ ಕೇಳಿದಳು.

"ಚೀಲ ಬುಟ್ಟು ಒಲೆತಾವ್ಕೆ ಎಂಗೋಗ್ಲವ್ವ?"

ಡಬ್ಬಿ ತೆರೆದೆ. ತಾಳಿ ಇತ್ತು. ಹೋದ ಜೀವ ಬಂದಂತಾಯಿತು. ಅವಳ ಕೈಯ ಒಂದು ಲೋಟ ಕಾಫಿಗೂ ಕೂರದೆ ಓಡಿದವನ ಮಾನ ಕಾಯಲು ಅಕ್ಕ ಹಸಿದುಕೊಂಡು ಕೂತಿದ್ದಳು. ನಾಚಿಕೆಗೋ ನೆಮ್ಮದಿಗೋ, ಕಣ್ಣಲ್ಲಿ ನೀರು ಬಂತು.

ಸುಶೀಲ ಮುದ್ದೆ ತಿರುವಿ ಸೊಪ್ಪಿನ ಸಾರು ಮಾಡಿದಳು. ಮೂವರೂ ನೆಲದ ಮೇಲೆ ಕೂತು ಉಂಡೆವು. ಬಿಸಿ ಮುದ್ದೆ, ಬಾಗಿಲಿಂದ ಬರುವ ನಾಲೆಯ ಗಾಳಿ, ಅಪ್ಪನ ಬಗ್ಗೆ ಅಕ್ಕ ಹೇಳುವ ಹಳೇ ಕತೆ. ಅಷ್ಟು ಸಾಕಾಗಿತ್ತು. ಬಸ್ಸು ಹೋದರೆ ಇನ್ನೊಂದು ಬರುತ್ತದೆ ಎಂದುಕೊಂಡು ಎರಡು ಲೋಟ ಕಾಫಿ ಕುಡಿದೆ.

"ನೀನೂ ಬಾರಕ್ಕ, ಕೈ ಇಡ್ಕೊಂಡು ಬಸ್ ಅತ್ತುಸ್ತೀನಿ."

"ಬೆಳಿಗ್ಗೇನೇ ಕರೀತೀಯ ಅಂದ್ಕಂಡಿದ್ದೆ" ಎನ್ನುತ್ತಾ ಅಕ್ಕ ಎದ್ದು ರೇಷ್ಮೆ ಸೀರೆ ತೆಗೆದಳು.

ಹುರುಳಿ ಅವಳ ಮನೆಯಲ್ಲೇ ಉಳಿಯಿತು. ಡಬ್ಬಿಯನ್ನು ಹೆಂಗಸರೇ ಎತ್ತಿಟ್ಟುಕೊಂಡಿದ್ದರು. ಕೆ.ಆರ್.ಪೇಟೆ ಬಸ್ಸಿನಲ್ಲಿ ಅವರಿಬ್ಬರೂ ಪಕ್ಕಪಕ್ಕ ಕೂತರು, ನಾನು ಮತ್ತೆ ನಿಂತೆ. ಊರು ದಾಟಿದ ಮೇಲೆ ಬಗ್ಗಿ, ಡಬ್ಬಿ ಯಾರ ಹತ್ತಿರ ಇದೆಯೆಂದು ಪಿಸುಗುಟ್ಟಿದೆ. ಸುಶೀಲ ಕಿಟಕಿಯಾಚೆ ನೋಡತೊಡಗಿದಳು. ಅಕ್ಕ ಸೆರಗು ಸರಿಮಾಡಿಕೊಂಡಳು.

"ಜೊತೇಲಿ ಬರೋರ್ಗೆ ಯೋಳಂಗಿಲ್ಲ ಕಣ್ಲಾ."